ಎಡೆಗದ್ದೆಯ ಅಕ್ಕಿ

ಟಿ. ನಗರ, ಚೆನ್ನೈ
3 ಫೆಬ್ರವರಿ 2025

ಅಂದಾನಿಯವರಿಗೆ ಚಂದ್ರಮತಿಯ ನಮಸ್ಕಾರ.

ನಿಮ್ಮ ಅಕ್ಕಿ ಮೂಟೆಗಳು ಮಹದೇವನ ಲಾರಿಯಲ್ಲಿ ಸರಿಯಾಗಿ ಬಂದು ಮುಟ್ಟಿದವು. ಅಕ್ಕಿ ಚೆನ್ನಾಗಿ ಉಂಟು, ಅದರಲ್ಲಿ ಎರಡು ಮಾತಿಲ್ಲ. ಬೇಯಿಸಿದರೆ ಘಮ ಬೀದಿಯವರೆಗೆ ಹೋಗುತ್ತದೆ. ಫೋನು ಇರುವಾಗ ಈ ಹೆಂಗಸು ಕಾಗದ ಯಾಕೆ ಬರೆಯುತ್ತಾಳೆ ಎಂದು ನೀವು ಕೇಳಬಹುದು. ಹೇಳುತ್ತೇನೆ.

ನಮ್ಮ ಯಜಮಾನರು ಮೋನಪ್ಪ ಹೋದ ವರ್ಷ ಆಷಾಢದ ಹೊತ್ತಿಗೆ, ಇಲ್ಲಿಯವರ ಆಡಿ ತಿಂಗಳಲ್ಲಿ ತೀರಿಕೊಂಡರು. ಉಡುಪಿ ಕಡೆಯಿಂದ ಬಂದು ಇಲ್ಲಿ ಬೆಳೆಸಿದ ಹೋಟೆಲು ಇದು. ಮುಚ್ಚಿಬಿಡಿ ಎಂದು ಹೇಳದವರಿಲ್ಲ. ಆಗ ನನ್ನ ಮಗಳು ಪ್ರಣಮ್ಯಾ ಒಂದು ದಾರಿ ಹೇಳಿದಳು. ಅವಳು ಪೆರುಂಗುಡಿಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಯಾವಾಗಲೂ ತಮಿಳಿನಲ್ಲಿ. "ಆರ್ಗ್ಯಾನಿಕ್ ಮೀಲ್ಸ್ ಪೋಡುಮ್ಮಾ, ಡಬಲ್ ರೇಟ್ ಕುಡುಪ್ಪಾಂಗ" ಎಂದಳು. ಎರಡರಷ್ಟು ಕೊಡುವವರು ಇದ್ದಾರೆ, ನಿಜ. ಆದರೆ ಅವರಿಗೆ ಅಕ್ಕಿ ಬೆಳೆದವರು ಯಾರು ಎಂದು ಗೊತ್ತಾಗಬೇಕಂತೆ. ಫೋಟೋ ಹಾಕಿದರೆ ನಂಬುವುದಿಲ್ಲ, ಅದು ಎಲ್ಲಿಂದಲೂ ತರಬಹುದು ಎನ್ನುತ್ತಾರೆ. ರೈತ ಕೈಯಾರೆ ಬರೆದ ಕಾಗದ ಗೋಡೆಯ ಮೇಲಿದ್ದರೆ ನಿಂತು ನೋಡುತ್ತಾರೆ, ಕನ್ನಡ ಓದಲು ಬಾರದವರೂ ನೋಡುತ್ತಾರೆ. ಆದ್ದರಿಂದ ಪ್ರತಿ ಲೋಡಿನ ಜೊತೆ ಒಂದು ಕಾಗದ ಬರೆದು ಕಳಿಸಿ. ಮಣ್ಣಿನ ಬಗ್ಗೆ ಏನಾದರೂ ಚಂದ ಮಾಡಿ ಬರೆಯಿರಿ.

ಇನ್ನೊಂದು ವಿಷಯ ಉಂಟು, ಅದು ಗೋಡೆಗೆ ಅಲ್ಲ. ನಮ್ಮಲ್ಲಿ ಅನ್ನ ಇಳಿಸಿದ ಕೂಡಲೇ ಮೊದಲ ಹಿಡಿ ಹಿಂದಿನ ಗೋಡೆಯ ಮೇಲೆ ಕಾಗೆಗೆ. ಈ ಬೀದಿಯ ಕಾಗೆಗಳು ಎಂಥ ಹೊಟ್ಟೆಬಾಕರೆಂದರೆ ಕೈಯಿಂದಲೇ ಕಿತ್ತುಕೊಳ್ಳುತ್ತವೆ. ನಿಮ್ಮ ಅನ್ನವನ್ನು ಅವು ಮುಟ್ಟಲಿಲ್ಲ. ಸಾಲಾಗಿ ಕೂತು, ಒಂದು ಸಲವೂ ಕೂಗದೆ, ಅನ್ನದ ಆಚೆ ಏನನ್ನೋ ನೋಡುತ್ತಿದ್ದವು. ಮೊದಲು ನಾನು ಯಜಮಾನರಿಗೇ ಏನೋ ಬೇಸರ ಎಂದು ಎಣಿಸಿ, "ಏನು ಕಮ್ಮಿಯಾಯಿತು ಹೇಳಿ ಮಾರಾಯರೇ" ಎಂದು ಗೋಡೆಯ ಮುಂದೆ ನಿಂತು ಅತ್ತೆ. ಆಮೇಲೆ ಬುದ್ಧಿ ಬಂತು. ನಿಜ ಹೇಳಿ, ಔಷಧಿ ಹೊಡೆದಿದ್ದೀರಾ? ಹಾಗಾದರೆ ನಾನು ಮುಳುಗಿದೆ.

ಇಂತಿ,
ಚಂದ್ರಮತಿ


ತಿ. ನರಸೀಪುರ ತಾಲ್ಲೂಕು
14 ಫೆಬ್ರವರಿ 2025

ಹೋಟೆಲಿನ ಅಮ್ಮನವರಿಗೆ ಅಂದಾನಿ ಮಾಡುವ ನಮಸ್ಕಾರ.

ಗೋಡೆಗೆ ಅಂಟಿಸುವ ಹಾಳೆ ಬೇರೆ ಇಟ್ಟಿದ್ದೇನೆ. ಅದರಲ್ಲಿ ಭೂಮಿತಾಯಿ, ಬೆವರು, ಹಸುವಿನ ಗೊಬ್ಬರ ಎಲ್ಲಾ ಹಾಕಿದ್ದೇನೆ, ನಿಮ್ಮ ಗಿರಾಕಿಗಳು ಖುಷಿಯಾಗಿ ನೋಡಲಿ. ಈ ಹಾಳೆ ನಿಮಗೊಬ್ಬರಿಗೆ.

ಔಷಧಿ ಹೊಡೆದಿದ್ದೀರಾ ಅಂತ ಕೇಳಿದಿರಿ. ಕೋಪ ಬಂತು, ಮುಚ್ಚಿಡುವುದಿಲ್ಲ. ಅಮ್ಮಾ, ಸಾವಯವ ಅಂದರೆ ಏನು ಅಂತ ಬೆಳೆಯುವವನನ್ನು ಕೇಳಿ. ಸೀಮೆಗೊಬ್ಬರ ನಿಲ್ಲಿಸಿದ ವರ್ಷವೇ ಇಳುವರಿ ಅರ್ಧಕ್ಕೆ ಬೀಳುತ್ತದೆ. ಸರ್ಟಿಫಿಕೇಟು ಬರೋಕೆ ಮೂರು ವರ್ಷ. ಆ ಮೂರು ವರ್ಷ ಬೆಳೆಯೋದು ಸಾವಯವ, ಮಾರೋದು ಮಾಮೂಲಿ ಬೆಲೆಗೆ. ಅಷ್ಟು ದಿನ ಇವನು ಹೊಟ್ಟೆಗೆ ಏನು ತಿಂದ ಅಂತ ಪೆರುಂಗುಡಿಯವರು ಯಾರಾದರೂ ಕೇಳುತ್ತಾರಾ? ನಮ್ಮೂರಲ್ಲಿ ಎಷ್ಟು ಜನ ಶುರು ಮಾಡಿ ಮಧ್ಯದಲ್ಲೇ ಕೈಬಿಟ್ಟರು. ನನ್ನ ಅದೃಷ್ಟಕ್ಕೆ ಸೀಮೆಗೊಬ್ಬರ ಅನ್ನೋದನ್ನೇ ಕಂಡಿರದ ಒಂದು ಗದ್ದೆ ನಮ್ಮ ಮನೆತನದಲ್ಲಿ ಇತ್ತು. ಅದನ್ನು ಉತ್ತೆ, ಬೆಳೆದೆ. ಅದಕ್ಕೇ ನಿಮಗೆ ಬೇಗ ಸಿಕ್ಕಿತು. ಆ ಗದ್ದೆಯ ಭತ್ತವನ್ನು ಮೊದಲು ಯಾಕೆ ಮಾರುತ್ತಿರಲಿಲ್ಲ ಅನ್ನೋದು ಮನೆ ವಿಚಾರ, ನಿಮಗೆ ಬೇಕಾಗಿಲ್ಲ.

ಕಾಗೆ ವಿಷಯ ದೊಡ್ಡದು ಮಾಡಬೇಡಿ. ಪಟ್ಟಣದ ಕಾಗೆಗೆ ವಡೆ, ಬೋಂಡ ಅಭ್ಯಾಸ ಆಗಿರುತ್ತದೆ. ಬೇಕಾದರೆ ಲ್ಯಾಬಿಗೆ ಕೊಟ್ಟು ನೋಡಿ. ನಾನಂತೂ ಆ ಅಕ್ಕಿಯ ರುಚಿ ನೋಡಿಲ್ಲ. ಮಾರುವ ಅಕ್ಕಿ ಉಣ್ಣೋಕೆ ನಾವೇನು ಜಮೀನ್ದಾರರಾ? ಮನೆಯಲ್ಲಿ ನಾನು, ನಮ್ಮವ್ವ ಹುಚ್ಚಮ್ಮ, ಹೆಂಡತಿ ಮಕ್ಕಳು ಎಲ್ಲರೂ ಉಣ್ಣುವುದು ಸೊಸೈಟಿಯ ರೇಷನ್ ಅಕ್ಕಿ.

ಇಂತಿ,
ಅಂದಾನಿ


ಟಿ. ನಗರ
30 ಮಾರ್ಚ್ 2025

ಅಂದಾನಿಯವರೇ,

ತಪ್ಪಾಯಿತು ಮಾರಾಯರೇ. ಲ್ಯಾಬಿನವರು ಏನೂ ಇಲ್ಲ, ಅಷ್ಟು ಶುದ್ಧ ಎಂದು ಬರೆದು ಕೊಟ್ಟಿದ್ದಾರೆ. ಆ ಹಾಳೆಯನ್ನೂ ನಿಮ್ಮ ಭೂಮಿತಾಯಿಯ ಪಕ್ಕದಲ್ಲೇ ಅಂಟಿಸಿದ್ದೇನೆ.

ಇಲ್ಲಿ ಈಗ ಕಾಲಿಡಲು ಜಾಗ ಇಲ್ಲ. ಸೀರೆ ಅಂಗಡಿಯ ಹುಡುಗಿಯರು, ವೇಲಚೇರಿಯಿಂದ ರೈಲು ಹಿಡಿದು ಬರುವವರು, ಆಫೀಸಿನವರು. ಉಂಡ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಪಾಟಿ ವೀಟ್ಟು ಸಾಪ್ಪಾಡು ಮಾದಿರಿ." ಅಜ್ಜಿ ಮನೆಯ ಊಟದ ಹಾಗೆ ಉಂಟಂತೆ. ಅಲ್ಲ, ಒಬ್ಬರ ಅಜ್ಜಿ ಮಧುರೆಯವರು, ಇನ್ನೊಬ್ಬರದು ನೆಲ್ಲೂರು, ಬಟ್ಟೆ ಅಂಗಡಿಯ ಸೇಠಿನ ಅಜ್ಜಿ ರೊಟ್ಟಿ ಬಿಟ್ಟು ಅನ್ನ ಕಂಡವರೇ ಅಲ್ಲ. ಎಲ್ಲರಿಗೂ ಅದೇ ಅಜ್ಜಿ ಮನೆ ಹೇಗೆ ಆಗುತ್ತದೆ? ಆಗಲಿ, ಗಲ್ಲಾ ತುಂಬಿದರೆ ಸಾಕು ಎಂದು ಸುಮ್ಮನಿದ್ದೇನೆ.

ಒಂದು ತಮಾಷೆ ಕೇಳಿ. ಒಬ್ಬರೇ ಬರುತ್ತಾರೆ, ಎರಡು ಎಲೆ ಹಾಕಿಸುತ್ತಾರೆ. "ಇನ್ನೊರು ಇಲೆ ಪೋಡುಂಗಮ್ಮಾ" ಎನ್ನುತ್ತಾರೆ. ಯಾರೋ ಬರುವವರಿದ್ದಾರೆ ಎಂದು ನಾನು ಮೊದಲು ಎಣಿಸಿದೆ. ಯಾರೂ ಬರುವುದಿಲ್ಲ. ಪಕ್ಕದ ಖಾಲಿ ಎಲೆಗೂ ಬಡಿಸಿಕೊಂಡು, ಅದರ ಕಡೆ ತಿರುಗಿ ಮೆಲ್ಲಗೆ ಮಾತಾಡುತ್ತಾ ಉಣ್ಣುತ್ತಾರೆ. ಎದ್ದು ಹೋಗುವಾಗ ಎರಡಕ್ಕೂ ದುಡ್ಡು ಕೊಡುತ್ತಾರೆ, ಮುಖದಲ್ಲಿ ಒಂದು ಸಮಾಧಾನ. ಅವರಿಗೆ ಬೇಕು, ನನ್ನಲ್ಲಿ ಎಲೆ ಉಂಟು. ನನಗೇನು?

ಮೈ ಜುಂ ಎನ್ನಿಸುವುದು ಒಂದೇ. ಹಿಂದಿನ ಗೋಡೆಗೆ ಈಗ ಕಾಗೆಗಳು ಬರುವುದನ್ನೇ ನಿಲ್ಲಿಸಿವೆ. ಇರಲಿ. ನಿಮ್ಮಲ್ಲಿ ಉಳಿದ ಅಕ್ಕಿಯನ್ನೆಲ್ಲ ನನಗೇ ಕೊಡಿ, ಬೆಲೆ ಏರಿಸಿ ಕೊಡುತ್ತೇನೆ.

ಚಂದ್ರಮತಿ


ತಿ. ನರಸೀಪುರ ತಾಲ್ಲೂಕು
18 ಏಪ್ರಿಲ್ 2025

ಅಮ್ಮನವರಿಗೆ,

ಉಳಿದದ್ದನ್ನೆಲ್ಲ ಮಹದೇವನ ಲಾರಿಗೆ ಹಾಕಿದ್ದೇನೆ. ಮನೆಯಲ್ಲಿ ಒಂದು ಕೆಲಸಕ್ಕೆ ಅಂತ ಎತ್ತಿಟ್ಟಿದ್ದ ಮೂಟೆಯೂ ಅದರಲ್ಲೇ ಇದೆ. ಕೊಡಬಾರದಿತ್ತು, ನೀವು ಹೇಳಿದ ಬೆಲೆಗೆ ಆಸೆ ಆಯಿತು. ಇಷ್ಟು ವರ್ಷ ಬೇಸಾಯ ಮಾಡಿ ಒಂದು ಸಲವಾದರೂ ನಾನು ಹೇಳಿದ ಬೆಲೆಗೆ ಯಾರಾದರೂ ಹ್ಞೂಂ ಅಂದಿದ್ದಾರಾ?

ಗೋಡೆಗೆ ಹಾಕುವ ಕಾಗದ ಈ ಸಲ ಇಲ್ಲ. ಬರೆಯೋಕೆ ಮನಸ್ಸಿಲ್ಲ. ನಮ್ಮವ್ವ ಸರಿಯಾಗಿ ಉಣ್ಣುತ್ತಿಲ್ಲ. ಅಪ್ಪ ಹೋಗಿ ಬಹಳ ವರ್ಷ ಆದರೂ ಅವಳು ತಟ್ಟೆ ಮುಂದೆ ಕೂತಾಗ ಅವನಿಗೆ ಒಂದು ಮಾತು ಆಡಿಯೇ ತುತ್ತು ಎತ್ತುತ್ತಿದ್ದಳು. ಮನೆಯವರಿಗೆಲ್ಲ ಅದು ರೂಢಿಯಾಗಿ ಹೋಗಿತ್ತು. ಈಗ ಮಾತಾಡುವುದಿಲ್ಲ. ಯಾಕವ್ವ ಅಂದರೆ, "ಮನೇಲಿ ಯಾರೂ ಇಲ್ಲ ಕಣ್ಲಾ, ಎಲ್ಲಾ ಎದ್ದೋಗವ್ರೆ" ಅನ್ನುತ್ತಾಳೆ.

ಒಂದು ಮಾತು, ಸುಮ್ಮನೆ ಕೇಳುತ್ತಿದ್ದೇನೆ. ಆ ಎರಡನೇ ಎಲೆಗೆ ಬಡಿಸಿದ ಅನ್ನ ಆಮೇಲೆ ಏನಾಗುತ್ತದೆ?

ಅಂದಾನಿ


ಟಿ. ನಗರ
2 ಜೂನ್ 2025

ಅಂದಾನಿಯವರೇ,

ನಿಮ್ಮ ಪ್ರಶ್ನೆಗೆ ಉತ್ತರ ನನ್ನಲ್ಲಿ ಉಂಟು. ಯಾಕೆಂದರೆ ನಾನೂ ಅದನ್ನೇ ನೋಡುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಅನ್ನ ಎಲೆಯಲ್ಲಿ ಹಾಕಿದಷ್ಟೇ ಇರುತ್ತದೆ. ಆದರೆ ಬಾಯಿಗೆ ಹಾಕಿದರೆ ಏನೂ ಇಲ್ಲ, ಒದ್ದೆ ಕಾಗದ ಅಗಿದ ಹಾಗೆ. ಸಾರಿನಲ್ಲಿ ಉಪ್ಪಿಲ್ಲ, ಹುಳಿಯಿಲ್ಲ. ಬೀದಿ ನಾಯಿಗೆ ಹಾಕಿದರೆ ಮೂಸಿ ಹಿಂದೆ ಸರಿಯಿತು.

ಮೊನ್ನೆ ಮಧ್ಯಾಹ್ನ, ಸರಿಯಾದ ರಶ್ಶಿನಲ್ಲಿ, ನನ್ನ ಕಣ್ಣಿಗೇ ಬಿತ್ತು. ಮೂಲೆಯ ಮೇಜಿನಲ್ಲಿ ಒಂದು ಹೆಂಗಸು ಎರಡು ಎಲೆ ಹಾಕಿಸಿ, "ಪಾಟಿ, ಪಾಟಿ" ಎಂದು ಮಾತಾಡುತ್ತಿದ್ದಳು. ಪಕ್ಕದಲ್ಲಿ ಕೂತದ್ದು ಪಾಟಿಯೂ ಅಲ್ಲ, ಎಂತದೂ ಅಲ್ಲ. ಒಬ್ಬ ಮುದುಕ. ಹೆಗಲ ಮೇಲೆ ಮಡಚಿದ ಕರಿ ಕಂಬಳಿ, ಎಡಗಿವಿಯ ತುದಿ ಹರಿದಿತ್ತು. ಅವಳು ತಮಿಳಿನಲ್ಲಿ ಅಳುತ್ತಾ ಏನೇನೋ ಹೇಳುತ್ತಿದ್ದಳು, ಅವರು ಅರ್ಥವಾಗದೆ ತಲೆ ಆಡಿಸುತ್ತಿದ್ದರು. ನಾನು ಹತ್ತಿರ ಹೋದೆ. ಅವರು ನನ್ನ ಕಡೆ ನೋಡಿ, "ಉಪ್ಸಾರು ಇಲ್ವಾ ತಾಯಿ?" ಎಂದು ಕೇಳಿದರು. ಟಿ. ನಗರದಲ್ಲಿ ಉಪ್ಸಾರು ಕೇಳುವವರು ಯಾರು? ನಾನು ಇಲ್ಲ ಎಂದು ಹೇಳಿ ಅಡುಗೆಮನೆಗೆ ಹೋದೆ. ತಿರುಗಿ ಬಂದಾಗ ಬೆಂಚಿನಲ್ಲಿ ಯಾರೂ ಇರಲಿಲ್ಲ.

ಆಮೇಲೆ ದಿನಾ ಕಾಣುತ್ತಾರೆ. ಅವರೊಬ್ಬರೇ ಅಲ್ಲ, ಎರಡನೇ ಎಲೆ ಹಾಕಿದ ಕಡೆಯೆಲ್ಲ ಒಬ್ಬೊಬ್ಬರು. ಎಲ್ಲರೂ ನಿಮ್ಮ ಸೀಮೆಯವರ ಹಾಗೇ ಮಾತಾಡುತ್ತಾರೆ. ಹೆದರಿಕೆ ಆಗುವುದಿಲ್ಲವಾ ಎಂದರೆ ಆಗುತ್ತದೆ. ಆದರೆ ನಾನೂ ಗಲ್ಲಾದ ಹತ್ತಿರ ಯಜಮಾನರ ಹೆಸರಿನಲ್ಲಿ ಒಂದು ಎಲೆ ಹಾಕಿಸಲು ಶುರು ಮಾಡಿದ್ದೇನೆ. ಇಷ್ಟು ಜನ ಬರುತ್ತಾರೆ, ಅವರೂ ಬರಬಹುದಲ್ಲ? ಇನ್ನೂ ಬಂದಿಲ್ಲ. ಉಪ್ಸಾರು ಹೇಗೆ ಮಾಡುವುದು ಎಂದು ಬರೆಯಿರಿ.

ಚಂದ್ರಮತಿ


ತಿ. ನರಸೀಪುರ ತಾಲ್ಲೂಕು
20 ಜೂನ್ 2025

ಅಕ್ಕ,

ಅಮ್ಮ ಅನ್ನುವಷ್ಟು ದೂರ ಈಗ ಉಳಿದಿಲ್ಲ, ಅಕ್ಕ ಅನ್ನುತ್ತೇನೆ. ಅದು ನಮ್ಮಪ್ಪ. ಎತ್ತು ಹಾಯ್ದು ಕಿವಿ ಹರಿದಿತ್ತು. ಅವನ ಮಣ್ಣಿಗೆ ನಾನೇ ಹಿಡಿ ಮಣ್ಣು ಹಾಕಿದ್ದೇನೆ.

ಮನೆ ವಿಚಾರ ಅಂದಿದ್ದೆ, ಈಗ ಹೇಳುತ್ತೇನೆ. ಆ ಗದ್ದೆಗೆ ನಮ್ಮಲ್ಲಿ ಎಡೆಗದ್ದೆ ಅನ್ನುತ್ತಾರೆ. ಮಾರ್ನಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದಕ್ಕೆ ಬೇಕಾದ ಭತ್ತ ಅಲ್ಲಿಂದ. ಒಂದು ಮೂಲೆ ಕುಯ್ದುಕೊಂಡು ಮಿಕ್ಕಿದ್ದನ್ನು ಹಕ್ಕಿಪಕ್ಷಿಗೆ ಬಿಡುತ್ತಿದ್ದೆವು. ಸತ್ತವರಿಗೆ ಸೀಮೆಗೊಬ್ಬರದ ಅನ್ನ ಆಗುವುದಿಲ್ಲ ಅಂತ ತಾತನ ಕಾಲದಿಂದ ಯಾರೂ ಹಾಕಿರಲಿಲ್ಲ. ಸರ್ಟಿಫಿಕೇಟಿನ ಮೂರು ವರ್ಷ ಉಳಿಯುತ್ತದೆ ಅಂತ ನಾನು ಅದನ್ನು ಪೂರ್ತಿ ಬೆಳೆದೆ, ಪೂರ್ತಿ ಕುಯ್ದೆ, ಪೂರ್ತಿ ಮಾರಿದೆ. ನನಗೆ ಬೆಲೆ ಬೇಕಿತ್ತು, ನಿಮಗೆ ಅಕ್ಕಿ ಬೇಕಿತ್ತು. ಅವರಿಗೂ ಅದೇ ಅನ್ನ ಬೇಕು ಅನ್ನೋದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಕೂಲಿ ಹುಡುಕಿಕೊಂಡು ಜನ ಪಟ್ಟಣಕ್ಕೆ ಹೋದ ಹಾಗೆ ಅನ್ನದ ಹಿಂದೆ ಅವರೂ ಹೊರಟುಹೋಗಿದ್ದಾರೆ.

ಹೋಗಲಿ ಅಂದರೆ ಅವ್ವ ಇದ್ದಾಳೆ. ಡಾಕ್ಟರು ಇನ್ನೇನೂ ಮಾಡುವ ಹಾಗಿಲ್ಲ ಅಂದಿದ್ದಾರೆ. ಅವಳಿಗೆ ಸಾವಿನ ಭಯ ಇಲ್ಲ. ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ ಅಂತ ನಂಬಿಕೊಂಡೇ ಇಷ್ಟು ದಿನ ಇದ್ದವಳು. ಈಗ, "ಕರ್ಯೋರು ಇಲ್ದೆ ಎಂಗ್ಲಾ ಹೋಗ್ಲಿ? ದಾರಿ ತಪ್ಪೋಗ್ತೀನಿ" ಅಂತ ಮಗುವಿನ ಹಾಗೆ ಅಳುತ್ತಾಳೆ. ಕಣ್ಣಲ್ಲಿ ನೋಡೋಕೆ ಆಗುವುದಿಲ್ಲ ಅಕ್ಕ. ನಿಮ್ಮಲ್ಲಿ ಉಳಿದ ಅಕ್ಕಿಯನ್ನು ಬಡಿಸುವುದು ನಿಲ್ಲಿಸಿ ವಾಪಸ್ಸು ಕಳಿಸಿ. ಮಾರ್ನಮಿಗೆ ಎಡೆ ಇಟ್ಟರೆ ಅವರು ಬರುತ್ತಾರೆ. ಕೊಟ್ಟ ಬೆಲೆಯೆಲ್ಲ ವಾಪಸ್ಸು ಕೊಡುತ್ತೇನೆ. ಫೋನು ಮಾಡಬೇಡಿ, ಅವ್ವ ಪಕ್ಕದಲ್ಲೇ ಇರುತ್ತಾಳೆ, ಎಲ್ಲಾ ಕೇಳಿಸುತ್ತದೆ.

ಅಂದಾನಿ


25 ಜುಲೈ 2025

ಅಕ್ಕ,

ಮಹದೇವ ಎರಡು ಸಲ ಬರಿಗೈಯಲ್ಲಿ ಬಂದ. ನನ್ನ ಕಾಗದ ನಿಮ್ಮ ಕೈಗೇ ಕೊಟ್ಟೆ ಅನ್ನುತ್ತಾನೆ. ಅವ್ವ ಹಾಸಿಗೆ ಹಿಡಿದಿದ್ದಾಳೆ. ಯಾರು ಬಾಗಿಲು ತಳ್ಳಿದರೂ ಕತ್ತು ಎತ್ತಿ ನೋಡುತ್ತಾಳೆ. ನಾನು ಅಂತ ಗೊತ್ತಾದ ಕೂಡಲೇ ಆ ಕಡೆ ತಿರುಗಿಕೊಳ್ಳುತ್ತಾಳೆ. ಹ್ಞೂಂ ಅನ್ನಿ, ಇಲ್ಲ ಅನ್ನಿ, ಏನಾದರೂ ಬರೆಯಿರಿ.

ಅಂದಾನಿ


ಟಿ. ನಗರ
10 ಆಗಸ್ಟ್ 2025

ಪ್ರೀತಿಯ ಅಂದಾನಿಗೆ,

ಬರೆಯಲು ತಡವಾಯಿತು, ಬೇಸರ ಮಾಡಬೇಡಿ. ಆಡಿ ತಿಂಗಳ ತಳ್ಳುಬಡಿ, ಅಂದರೆ ರಿಯಾಯಿತಿ ಮಾರಾಟ, ಟಿ. ನಗರಕ್ಕೆ ಇಡೀ ಚೆನ್ನೈ ಬಂದು ಬಿದ್ದಿರುತ್ತದೆ. ಯಜಮಾನರ ವರ್ಷಾಂತಿಕವೂ ಕಳೆಯಿತು. ಆ ದಿನ ನಿಮ್ಮ ಅಕ್ಕಿಯಲ್ಲೇ ಅನ್ನ ಮಾಡಿ, ಅವರಿಗೆ ಇಷ್ಟವಾದ ಕೆಸುವಿನ ಪತ್ರೊಡೆ ಮಾಡಿ, ಎಲೆಯ ಮುಂದೆ ನಾನೇ ಕಾದು ಕೂತೆ. ನಿಮ್ಮ ಕಡೆಯವರೆಲ್ಲ ಬಂದರು. ಸಾಲಾಗಿ ಕೂತು ಉಂಡರು. ನಮ್ಮವರು ಮಾತ್ರ ಬರಲಿಲ್ಲ. ಅವರ ಎಲೆಯಲ್ಲಿ ಉಪ್ಪು ಉಪ್ಪಾಗಿಯೇ ಇತ್ತು, ಬಾಯಿಗೆ ಹಾಕಿ ನೋಡಿದೆ.

ನನ್ನ ಹೊಟ್ಟೆಯ ಉರಿ ನಿಮಗೆ ಹೇಗೆ ಗೊತ್ತಾಗಬೇಕು? ನಿಮ್ಮ ತಂದೆ ಕಣ್ಣ ಮುಂದೆ ಓಡಾಡುತ್ತಾರೆ, ನನ್ನವರಿಗೆ ಮಾತ್ರ ಹೋಟೆಲಿನ ದಾರಿ ಮರೆತುಹೋಯಿತಾ? ಇನ್ನು ಸ್ವಲ್ಪ ದಿನ ಬಡಿಸಿದರೆ ಬಂದಾರು ಎಂದು ಆಸೆ. ಮೇಲಾಗಿ ಅಕ್ಕಿ ನಿಲ್ಲಿಸಿದರೆ ಈ ಗಿರಾಕಿಗಳು ನಾಳೆಯೇ ಎದುರಿನ ಬಾಗಿಲಿಗೆ ಹೋಗುತ್ತಾರೆ.

ಆದರೂ ನಿಮ್ಮ ತಾಯಿಯ ವಿಷಯ ಓದಿ ಕರುಳು ಚುರ್ ಎಂದಿತು. ಎರಡು ಮೂಟೆ ಮಹದೇವನ ಲಾರಿಯಲ್ಲಿ ಕಳಿಸುತ್ತಿದ್ದೇನೆ. ಅಮಾವಾಸ್ಯೆಗೆ ಮೊದಲೇ ಮುಟ್ಟುತ್ತದೆ. ದುಡ್ಡು ಬೇಡ.

ಚಂದ್ರಮತಿ


ತಿ. ನರಸೀಪುರ ತಾಲ್ಲೂಕು
23 ಸೆಪ್ಟೆಂಬರ್ 2025

ಚಂದ್ರಮತಿಯವರಿಗೆ,

ಭಾನುವಾರ ಎಡೆ ಇಟ್ಟೆವು. ಅವ್ವನನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಕೂರಿಸಿದ್ದೆ. ಅಪ್ಪನ ಪಂಚೆ, ಅಜ್ಜಿಯ ಸೀರೆ, ಉಪ್ಸಾರು, ಮುದ್ದೆ, ಕಜ್ಜಾಯ, ಎಲ್ಲಾ ಇಟ್ಟು ನಿಮ್ಮ ಮೂಟೆಯ ಅನ್ನ ಬಡಿಸಿದೆವು. ನಮ್ಮಲ್ಲಿ ಎಡೆ ಇಟ್ಟ ಮೇಲೆ ಕೋಣೆ ಬಾಗಿಲು ಎಳೆದುಕೊಂಡು ಎಲ್ಲರೂ ಈಚೆ ಕಾಯುತ್ತೇವೆ, ಹಿರಿಯರು ಉಣ್ಣಲಿ ಅಂತ. ಆಮೇಲೆ ಬಾಗಿಲು ತೆಗೆದು, ಒಂದು ಪಾಲು ಕಾಗೆಗೆ. ಬಾಗಿಲು ತೆಗೆಯುವ ಮುಂಚೆ ಯಾವ ವರ್ಷವೂ ಕಾಗೆ ಹತ್ತಿರ ಸುಳಿದಿಲ್ಲ. ಮನೆಯ ಹಿರಿಯರು ಒಳಗೆ ಉಣ್ಣುತ್ತಿರುವಾಗ ಅದು ಹೇಗೆ ಬರುತ್ತದೆ?

ಈ ಸಲ ಅಡುಗೆಮನೆಯಿಂದ ಅನ್ನದ ಬುಟ್ಟಿ ಈಚೆ ತರುತ್ತಲೇ ಒಂದು ಕಾಗೆ ಹಾರಿ ಬಂದು ಬಾಯಿ ಹಾಕಿತು. ಹಿಂದೆಯೇ ಇನ್ನೆರಡು. ನೆಂಟರೆಲ್ಲ ಕುಣಿದಾಡಿದರು. ಹಿರಿಯರು ತೃಪ್ತರಾದರು, ಹುಚ್ಚಮ್ಮನ ಪುಣ್ಯ ದೊಡ್ಡದು ಅಂತ ಎಲ್ಲರೂ ಅವಳ ಕಾಲಿಗೆ ಬಿದ್ದರು. ನಾನೊಬ್ಬನೇ ಮೂಟೆಯ ಹತ್ತಿರ ಹೋಗಿ ಅಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಅಕ್ಕಿ ನೋಡೋಕೆ ಒಂದೇ ತರಹ ಇದೆ, ಹುಡುಕಿ ತಂದಿದ್ದೀರಿ. ಆದರೆ ಅದು ನನ್ನ ಗದ್ದೆಯದಲ್ಲ.

ರೈತ ಕಲಬೆರಕೆ ಮಾಡುತ್ತಾನೆ ಅಂತ ಲ್ಯಾಬಿಗೆ ಕೊಟ್ಟವರು ನೀವು. ಇದನ್ನು ನಾನು ಯಾವ ಲ್ಯಾಬಿಗೆ ಕೊಡಲಿ? ಬಾಗಿಲು ತೆಗೆದಾಗ ಅವ್ವ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. "ಯಾರೂ ಬರ್ನಿಲ್ಲ ಕಣ್ಲಾ ಮಗ" ಅಂದಳು. ಆವತ್ತಿನಿಂದ ಮಾತಿಲ್ಲ. ಉಸಿರು ಒಂದು ಆಡುತ್ತಿದೆ.

ದೀಪಾವಳಿ ಅಮಾವಾಸ್ಯೆಗೂ ನಮ್ಮಲ್ಲಿ ಕೆಲವರು ಎಡೆ ಇಡುತ್ತಾರೆ. ಅದೊಂದೇ ಉಳಿದಿರುವುದು. ಇದಕ್ಕಿಂತ ಹೆಚ್ಚು ನಾನು ಬೇಡುವುದಿಲ್ಲ.

ಅಂದಾನಿ


ಟಿ. ನಗರ
5 ಅಕ್ಟೋಬರ್ 2025

ಅಂದಾನಿ,

ಹೌದು, ನಾನೇ ಬದಲಾಯಿಸಿದ್ದು. ಮಂಡಿಗೆ ಹೋಗಿ ಅದೇ ಬಣ್ಣದ ಅಕ್ಕಿ ಹುಡುಕಿ, ನಿಮ್ಮ ಚೀಲಕ್ಕೇ ತುಂಬಿಸಿ ಹೊಲಿಸಿದೆ. ಎರಡು ಮೂಟೆ ಉಳಿಯಿತು ಎಂದು ಸಂತೋಷವೇ ಪಟ್ಟೆ.

ಈಗ ಇಲ್ಲಿಯ ಕಥೆ ಕೇಳಿ. ನಿಮ್ಮ ಅಮಾವಾಸ್ಯೆಯ ದಿನದಿಂದ ನಿಮ್ಮ ಹಿರಿಯರು ಉಣ್ಣುವುದನ್ನು ಬಿಟ್ಟಿದ್ದಾರೆ. ಬರುತ್ತಾರೆ, ಎಲೆಯ ಮುಂದೆ ಕೂರುವುದಿಲ್ಲ, ಗೋಡೆಗೆ ಒರಗಿ ಸಾಲಾಗಿ ನಿಲ್ಲುತ್ತಾರೆ. ಮಧ್ಯಾಹ್ನದ ಆ ಗದ್ದಲದಲ್ಲಿ, ಸಾರಿನ ಬಕೆಟ್ಟು ಹಿಡಿದವರು ಅವರ ನಡುವೆಯೇ ಓಡಾಡುತ್ತಾರೆ. ಎಲ್ಲರೂ ನನ್ನನ್ನೇ ನೋಡುತ್ತಾರೆ. ಕೋಪ ಇಲ್ಲ, ಏನೂ ಇಲ್ಲ, ಬಸ್ಸಿಗೆ ಕಾಯುವವರ ಹಾಗೆ. ಪೆರುಂಗುಡಿಯ ಒಬ್ಬಳು ಹುಡುಗಿ ದಿನಾ ಎರಡು ಎಲೆ ಹಾಕಿಸುತ್ತಿದ್ದಳು. ಮೊನ್ನೆ ಒಂದೇ ಎಲೆ ಹಾಕಿಸಿ, ಅದರ ಮುಂದೆ ಕೂರದೆ ಪಕ್ಕದ ಖಾಲಿ ಜಾಗದಲ್ಲಿ ಕೂತಳು. ಊಟ ಮಾಡಮ್ಮ ಎಂದರೆ ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡಿದಳು. ಅವಳ ಕೈ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು. ನಾನೇ ಆಟೋ ಹತ್ತಿಸಿ ಅವಳ ಮನೆಗೆ ಬಿಟ್ಟು ಬಂದೆ.

ಅದಕ್ಕೂ ನಾನು ಬಗ್ಗಲಿಲ್ಲ. ಬಗ್ಗಿದ್ದು ನಿನ್ನೆ. ಪ್ರಣಮ್ಯಾ ಊಟಕ್ಕೆ ಬಂದವಳು ತುತ್ತು ಬಾಯಿಗಿಟ್ಟು ಎದ್ದು ನಿಂತಳು. "ಅಮ್ಮಾ, ಅಪ್ಪಾ ವಂದಾಚು" ಎಂದಳು. ಅಪ್ಪ ಬಂದರು ಎಂದು ಓಡಿಹೋಗಿ ನಿಮ್ಮ ತಂದೆಯ ಎದುರು ನಿಂತು, ಅಪ್ಪಾ ಅಪ್ಪಾ ಎಂದು ಕರೆದಳು. ಅವಳಪ್ಪನ ಮುಖ ನನಗೆ ಗೊತ್ತಿಲ್ಲವಾ? ಹರಿದ ಕಿವಿಯ ಪರರ ಮನೆಯ ಮುದುಕನಿಗೆ ನನ್ನ ಮಗಳು ಅಪ್ಪ ಎನ್ನುವುದನ್ನು ನೋಡಿ ನನಗೆ ಜೀವ ಹೋದ ಹಾಗಾಯಿತು. ಅವರು ಅವಳ ತಲೆಯ ಮೇಲೆ ಕೈ ಇಟ್ಟು, ನನ್ನ ಕಡೆ ತಿರುಗಿ, "ಬುಟ್ಬುಡವ್ವ ನಮ್ನ. ಮನೇಲಿ ಕಾಯ್ತಾವ್ಳೆ" ಎಂದರು.

ಡ್ರಮ್ಮಿನ ತಳ ಗುಡಿಸಿ, ಕಾಳು ಬಿಡದೆ ಎಲ್ಲವನ್ನೂ ಕಳಿಸಿದ್ದೇನೆ. ಈ ಸಲ ಮೋಸ ಇಲ್ಲ. ಮೂಟೆ ಲಾರಿಗೆ ಏರಿಸುವಾಗ ಒಬ್ಬೊಬ್ಬರಾಗಿ ಹೊರಗೆ ಹೋದರು, ಮಹದೇವ ಯಾಕೋ ಚಳಿ ಎಂದು ಟವೆಲು ಸುತ್ತಿಕೊಂಡ. ಇನ್ನು ನನ್ನವರು ಬರುವ ಆಸೆ ಇಲ್ಲ. ಗೋಡೆಯ ಮೇಲಿನ ಕಾಗದವನ್ನೂ ಕಿತ್ತಿದ್ದೇನೆ. ಅವ್ವನಿಗೆ ನನ್ನ ನಮಸ್ಕಾರ ಹೇಳಿ.

ಚಂದ್ರಮತಿ


ತಿ. ನರಸೀಪುರ ತಾಲ್ಲೂಕು
24 ಅಕ್ಟೋಬರ್ 2025

ಅಕ್ಕ,

ಅವ್ವ ಬುಧವಾರ ಬೆಳಿಗ್ಗೆ ಹೋದಳು. ಸುಖವಾಗಿ ಹೋದಳು. ನಿಮ್ಮ ಮೇಲೆ ನನಗೆ ಈಗ ಕೋಪ ಇಲ್ಲ.

ಮಂಗಳವಾರ ಅಮಾವಾಸ್ಯೆ ಎಡೆ ಇಟ್ಟೆವು. ನೆಂಟರು ಯಾರನ್ನೂ ಕರೆಯಲಿಲ್ಲ. ಅನ್ನ ಬೇಯುವಾಗಲೇ ಅವ್ವ ಕಣ್ಣು ಬಿಟ್ಟಳು. ಮರದ ಮೇಲೆ ಕಾಗೆಗಳು ಕೂತಿದ್ದವು, ಒಂದೂ ಕೆಳಗೆ ಇಳಿಯಲಿಲ್ಲ. ಎಡೆ ಬಡಿಸಿ, ಬಾಗಿಲು ಎಳೆದು, ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಈಚೆ ಕೂತೆ. ಅವಳಿಗೆ ಬಾಗಿಲಾಚೆ ಕಾಣುತ್ತಿತ್ತು ಅಂತ ಕಾಣುತ್ತದೆ. ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸಿದಳು. ಅಪ್ಪನನ್ನು, "ಎಲ್ಲಿಗ್ ಸತ್ತೋಗಿದ್ದೆ ಇಷ್ಟ್ ದಿನ?" ಅಂತ ಬೈದಳು. ಬೈದು ನಕ್ಕಳು. ಎಷ್ಟು ತಿಂಗಳ ಮೇಲೆ ನಕ್ಕಿದ್ದು ಅಕ್ಕ, ನನಗೆ ಅಳು ತಡೆಯೋಕೆ ಆಗಲಿಲ್ಲ.

ಆಮೇಲೆ ಒಂದು ಮಾತು ಹೇಳಿದಳು. ಅದಕ್ಕೇ ತಿಥಿಯ ಕೆಲಸ ಬಿಟ್ಟು ಈ ಕಾಗದ ಬರೆಯುತ್ತಿದ್ದೇನೆ. "ನಿಮ್ಮಪ್ಪನ್ ಜೊತ್ಗೆ ಯಾರೋ ಪರಸ್ಥಳದೋರು ಬಂದವ್ರೆ ಕಣ್ಲಾ. ಕುತ್ಕಳಪ್ಪ, ನೀನೂ ಉಣ್ಣು ಅಂದ್ರೆ ಕುಂತ್ಕಳಕಿಲ್ಲ. ನಿಂತ್ಕಂಡೇ ಅವ್ರೆ" ಅಂದಳು. ಸಾಯುವವರ ಮಾತು ಅಂತ ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಬಾಗಿಲು ತೆಗೆದೆ. ನಮ್ಮಲ್ಲಿ ಎಡೆಯ ಎಲೆ ಇಟ್ಟಲ್ಲೇ ಇರುತ್ತದೆ, ಆಮೇಲೆ ನಾವೇ ಎತ್ತಬೇಕು. ಒಂದು ಎಲೆಯೂ ನೆಲದ ಮೇಲೆ ಇರಲಿಲ್ಲ. ಎಲ್ಲಾ ಮಡಚಿ, ಒಂದರ ಮೇಲೊಂದು ಪೇರಿಸಿ, ಮೂಲೆಗೆ ಇಟ್ಟಿತ್ತು. ಲೋಟಗಳನ್ನು ತೊಳೆದು ಸಾಲಾಗಿ ಬೋರಲು ಹಾಕಿತ್ತು. ಈ ಗೋಡೆಯಿಂದ ಆ ಗೋಡೆಯವರೆಗೆ ನೆಲ ಒರೆಸಿತ್ತು, ಇನ್ನೂ ಒದ್ದೆ ಆರಿರಲಿಲ್ಲ. ನಮ್ಮ ಮನೆತನದಲ್ಲಿ ಉಂಡ ಎಲೆ ಎತ್ತಿದ ಗಂಡಸು ಹುಟ್ಟಿಲ್ಲ ಅಕ್ಕ, ಬದುಕಿದ್ದವರಲ್ಲೂ ಇಲ್ಲ, ಸತ್ತವರಲ್ಲೂ ಇಲ್ಲ. ನೀವು ಯಾರನ್ನು ಕಳಿಸಿದಿರಿ?

ನವೆಂಬರ್ ಒಂದನೇ ತಾರೀಕು ಅವ್ವನ ತಿಥಿ. ಆವತ್ತಿನ ಎಡೆಗೆ ಮಾತ್ರ ಆಗುವಷ್ಟು ಅಕ್ಕಿ ಉಳಿಸಿದ್ದೇನೆ. ಅಲ್ಲಿಗೆ ಮುಗಿಯಿತು. ಆ ಗದ್ದೆಯನ್ನು ಈ ಸಲ ಹಕ್ಕಿಗೆ ಬಿಟ್ಟಿದ್ದೇನೆ.

ಅಂದಾನಿ


ಟಿ. ನಗರ
28 ಅಕ್ಟೋಬರ್ 2025

ತಮ್ಮ ಅಂದಾನಿಗೆ,

ನಿಮ್ಮ ಕಾಗದವನ್ನು ಗಲ್ಲಾದಲ್ಲಿ ಕೂತು ಓದಿದೆ. ಓದಿ ಮುಗಿಸಿ ಹೋಟೆಲಿನ ಬಾಗಿಲು ಹಾಕಿಸಿದೆ, ಮಧ್ಯಾಹ್ನದ ಊಟದ ಹೊತ್ತಿನಲ್ಲೇ.

ನಮ್ಮವರು ಹುಡುಗನಾಗಿ ಊರು ಬಿಟ್ಟು ಈ ಮದ್ರಾಸಿಗೆ ಬಂದಾಗ ಮೊದಲು ಸಿಕ್ಕಿದ್ದು ಎಂಜಲೆಲೆ ಎತ್ತುವ, ಮೇಜು ಒರೆಸುವ ಕೆಲಸ. ಯಜಮಾನರಾದ ಮೇಲೂ ಅದನ್ನು ಬಿಡಲಿಲ್ಲ. ಒಂದು ಪಂಕ್ತಿ ಏಳುವುದೇ ತಡ, ಹೆಗಲ ಬಟ್ಟೆ ಎಳೆದು ತಾವೇ ಒರೆಸುತ್ತಿದ್ದರು, ಲೋಟ ಬೋರಲು ಹಾಕುತ್ತಿದ್ದರು. ನಾಚಿಕೆ ಆಗುವುದಿಲ್ಲವಾ ನಿಮಗೆ ಎಂದು ನಾನೆಷ್ಟು ಸಲ ಜಗಳ ಮಾಡಿದ್ದೇನೆ.

ನಾನೆಂಥ ಮರುಳು! ಅವರ ಹೆಸರಿನಲ್ಲಿ ಎಲೆ ಹಾಕಿ, ಎಲೆಯ ಮುಂದೆ ಕಣ್ಣು ನೆಟ್ಟು ಕೂತೆ. ಗಿರಾಕಿಗಳು ಉಣ್ಣುವಾಗ ಆ ಮನುಷ್ಯ ಎಂದಾದರೂ ಊಟಕ್ಕೆ ಕೂತದ್ದುಂಟಾ? ಇಷ್ಟೂ ದಿನ ಅವರು ನನ್ನ ಬೆನ್ನ ಹಿಂದೆಯೇ ಎಲೆ ಎತ್ತುತ್ತಾ ಇದ್ದರು. ನಾನು ಒಂದು ಸಲ ತಿರುಗಿ ನೋಡಲಿಲ್ಲ. ನಿಮ್ಮವರು ಹೊರಟಾಗ ಅವರ ಎಲೆ ಎತ್ತಲು ಇವರೂ ಹಿಂದೆಯೇ ಹೋಗಿದ್ದಾರೆ.

ಇಲ್ಲಿ ಈಗ ಯಾರೂ ಇಲ್ಲ. ಗೋಡೆಯ ಮೇಲೆ ಕಾಗೆಗಳು ಬಂದು ಅನ್ನ ತಿನ್ನುತ್ತವೆ, ನನಗೆ ಅದನ್ನು ನೋಡಲು ಆಗುವುದಿಲ್ಲ.

ಈ ಕಾಗದ ಮಹದೇವ ಇವತ್ತೇ ತರುತ್ತಾನೆ. ನಾನು ಪ್ರಣಮ್ಯಾಳನ್ನು ಕರೆದುಕೊಂಡು ನಿಮ್ಮ ಅವ್ವನ ತಿಥಿಗೆ ಬರುತ್ತೇನೆ. ಅಲ್ಲಿಯವರೆಗೆ ಒಂದು ಉಪಕಾರ ಮಾಡಿ ತಮ್ಮ. ಆ ಕೋಣೆಯ ಬಾಗಿಲಲ್ಲಿ ನಿಂತು, ಇನ್ನೊಂದು ಪಂಕ್ತಿ ಬಾಕಿ ಉಂಟು ಎಂದು ಸ್ವಲ್ಪ ಜೋರಾಗಿ ಹೇಳಿ. ಪಂಕ್ತಿ ಬಾಕಿ ಇರುವಾಗ ಅವರು ಎಲ್ಲಿಗೂ ಹೋಗುವವರಲ್ಲ.

ಚಂದ್ರಮತಿ